ಹಕ್ಕಿ ತಾಗದ ವಿಮಾನ

ಡಾಕ್ಟರ್ ದೇವದಾಸರು ಜೀವಮಾನದಲ್ಲಿ ಸಾವಿರಾರು ಹಕ್ಕಿಗಳನ್ನು ಕೊಂದಿದ್ದಾರೆ, ಆದರೆ ಒಂದು ಕಾಗೆಯನ್ನಾದರೂ ನೆಟ್ಟಗೆ ನೋಡಿದವರಲ್ಲ. ಅವರು ಕೊಲ್ಲುವುದೆಲ್ಲ ಕಂಪ್ಯೂಟರಿನ ಒಳಗೆ. ಮಣಿಪಾಲದಿಂದ ಕಾರ್ಕಳಕ್ಕೆ ಹೋಗುವಾಗ ಹಿರಿಯಡ್ಕ ದಾಟಿದ ಮೇಲೆ ಒಂದು ಬೋಳು ಕಲ್ಲಿನ ಪಾರೆ ಸಿಗುತ್ತದೆ. ಅದರ ಮೇಲೆ ಸಹ್ಯಪ್ರಭಾ ಎಂಜಿನಿಯರಿಂಗ್ ಕಾಲೇಜು. ಕಾಲೇಜಿನ ಎರಡನೆಯ ಮಹಡಿಯ ತುದಿಯ ಕೋಣೆಗೆ ಕಂಪ್ಯೂಟರಿಗೆ ಸೆಕೆಯಾಗಬಾರದು ಎಂಬ ನೆಪದಲ್ಲಿ ದೊಡ್ಡದೊಂದು ಎ.ಸಿ. ಹಾಕಿಸಿಕೊಂಡು, ತಾವೂ ತಂಪಾಗಿ ಕೂತು, ದೇವದಾಸರು ವಿಮಾನಗಳಿಗೆ ಹಕ್ಕಿ ಬಡಿಸುತ್ತಾರೆ.

ಇದು ಹುಚ್ಚು ಕೆಲಸವೇನಲ್ಲ. ಹಾರುವ ವಿಮಾನಕ್ಕೆ ಹಕ್ಕಿ ಬಂದು ಬಡಿದರೆ ತಗಡು ಹರಿಯುತ್ತದೆ, ಗಾಜು ಒಡೆಯುತ್ತದೆ, ಕೆಲವೊಮ್ಮೆ ವಿಮಾನವೇ ಬೀಳುತ್ತದೆ. ಹಾಗಾಗದ ಹಾಗೆ ವಿಮಾನ ಕಟ್ಟಬೇಕಾದರೆ ಮೊದಲು ಬಡಿಸಿ ನೋಡಬೇಕು. ನಿಜವಾಗಿ ನೋಡುವುದಾದರೆ ಸತ್ತ ಕೋಳಿಯನ್ನು ಫಿರಂಗಿಯಂಥ ಕೊಳವೆಯೊಳಗೆ ತುಂಬಿ ವಿಮಾನದ ರೆಕ್ಕೆಗೆ ಹೊಡೆಯಬೇಕು. ಅದಕ್ಕೆ ಜಾಗ ಬೇಕು, ಯಂತ್ರ ಬೇಕು, ಹೊಡೆದ ಮೇಲೆ ಗೋಡೆ ತೊಳೆಯಲು ಗಟ್ಟಿ ಹೊಟ್ಟೆಯ ಜನ ಬೇಕು. ಹಾಗಾಗಿ ಎಲ್ಲರೂ ಮೊದಲು ಕಂಪ್ಯೂಟರಿನಲ್ಲೇ ಹೊಡೆದು ನೋಡುತ್ತಾರೆ. ಅಲ್ಲಿನ ಹಕ್ಕಿಗೆ ರೆಕ್ಕೆ ಇಲ್ಲ, ಕೊಕ್ಕಿಲ್ಲ, ಕಣ್ಣಿಲ್ಲ. ಔಷಧದ ಗುಳಿಗೆಯ ಆಕಾರದ, ಎರಡೂ ತುದಿ ಉರುಟಾದ ಒಂದು ಲೋಳೆಯ ಮುದ್ದೆ ಅದು. ಅಷ್ಟು ವೇಗದಲ್ಲಿ ಬಡಿಯುವಾಗ ಮೂಳೆ ಮಾಂಸವೆಲ್ಲ ನೀರಿನ ಹಾಗೆಯೇ ಚೆಲ್ಲಿಹೋಗುವುದರಿಂದ ಇಷ್ಟು ಸಾಕು ಎಂದು ತಿಳಿದವರು ತೀರ್ಮಾನಿಸಿದ್ದಾರೆ. ಅದು ಶಾಸ್ತ್ರ, ಅದರಲ್ಲಿ ತಮಾಷೆಯಿಲ್ಲ. ತಮಾಷೆ ಇರುವುದು ದೇವದಾಸರಲ್ಲಿ.

ದೇವದಾಸರ ಊರು ಕಾಪು. ಲೈಟ್‌ಹೌಸಿನ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆಯಿತ್ತು. ತಂದೆ ಉಡುಪಿಗೂ ಪಡುಬಿದ್ರಿಗೂ ಓಡುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಮಗ ಓದಿದ, ದೂರ ಹೋಗಿ ಇನ್ನಷ್ಟು ಓದಿದ, ಪಿಎಚ್‌.ಡಿ. ಮಾಡಿ ಊರಿನ ಹತ್ತಿರವೇ ಕೆಲಸ ಹಿಡಿದ, ಪರ್ಕಳದಲ್ಲಿ ಫ್ಲಾಟು ಕೊಂಡ. ಹೆಂಡತಿ ಮೋಹಿನಿ ಮಣಿಪಾಲದ ಒಂದು ಬ್ಯಾಂಕಿನಲ್ಲಿದ್ದಾಳೆ. ಸಂಬಳ ಬರುತ್ತದೆ, ಸಕ್ಕರೆ ಕಾಯಿಲೆ ಬಂದಿಲ್ಲ. ಇಷ್ಟೆಲ್ಲ ಇದ್ದೂ ದೇವದಾಸರಿಗೆ ಒಂದು ಕೊರಗು ಕರುಳನ್ನು ತಿನ್ನುತ್ತಿತ್ತು. ಅವರಿಗೆ ಹುಟ್ಟೂರ ಸನ್ಮಾನ ಆಗಿರಲಿಲ್ಲ.

ಹೊರಗಿನವರಿಗೆ ಈ ಕೊರಗಿನ ಆಳ ತಿಳಿಯುವುದಿಲ್ಲ. ಈ ಜಿಲ್ಲೆಯಲ್ಲಿ ಸನ್ಮಾನ ಮಾಡಿಸಿಕೊಳ್ಳದೆ ಸಾಯುವುದು ಬಹಳ ಕಷ್ಟ. ಪರೀಕ್ಷೆ ಪಾಸಾದರೆ ಸನ್ಮಾನ, ನಿವೃತ್ತಿಯಾದರೆ ಸನ್ಮಾನ, ದುಬೈಯಿಂದ ರಜೆಯಲ್ಲಿ ಬಂದು ಧ್ವಜಸ್ತಂಭಕ್ಕೆ ಬಣ್ಣ ಕೊಡಿಸಿದರೂ ಸನ್ಮಾನ. ಒಂದು ಶಾಲು, ಒಂದು ಹಾರ, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ, ಯಾರೂ ಎಲ್ಲಿಯೂ ಇಡಲಾರದ ಒಂದು ಸ್ಮರಣಿಕೆ. ದೇವದಾಸರಿಗೆ ಹೊರಗೆ ಆರೇಳು ಕಡೆ ಸನ್ಮಾನ ಆಗಿತ್ತು. ಬೆವರು ಸುರಿಯುವ ಊರಿನಲ್ಲಿ ಅಷ್ಟು ಶಾಲುಗಳಿಗೆ ಕೆಲಸವೇನು? ಮೋಹಿನಿ ಒಂದನ್ನು ಮಿಕ್ಸಿಗೆ ಹೊದಿಸಿದ್ದಳು, ಇನ್ನೊಂದನ್ನು ಇನ್ವರ್ಟರಿಗೆ. ಆದರೆ ಕಾಪುವಿನ ಕಡಲತೀರ ಮಿತ್ರವೃಂದದವರು, ತಮ್ಮ ಜೊತೆ ಗೋಲಿಯಾಡಿದವರು, ಪ್ರತಿವರ್ಷ ಯಾರು ಯಾರನ್ನೋ ಕುರ್ಚಿಯಲ್ಲಿ ಕೂರಿಸಿ ಹಾರ ಹಾಕುತ್ತಿದ್ದರು. ದೇವದಾಸರಿಗೆ ಮಾತ್ರ ಬರುತ್ತಿದ್ದುದು ದೇಣಿಗೆಯ ರಸೀದಿ. ಅವರು ಕಾಲೇಜಿನಲ್ಲಿ ಮಾಡುವುದು ಎಂತ ಎಂದೇ ಊರಿಗೆ ಗೊತ್ತಿರಲಿಲ್ಲ.

ಈ ಹೊತ್ತಿಗೆ ಬ್ರ್ಯಾಂಡನ್ ಬಂದ. ಇವನ ಮೂಲ ಕಾಪುವಿನ ಹತ್ತಿರದ ಶಂಕರಪುರ, ಈಗ ಬೆಂಗಳೂರಿನಲ್ಲಿ ಗರಿ ಏರೋ ಎಂಬ ಸಣ್ಣ ಕಂಪೆನಿ ಕಟ್ಟಿಕೊಂಡು, ವಿಮಾನ ಕಲಿಯುವವರಿಗೆಂದು ಎರಡು ಸೀಟಿನ ಒಂದು ಪುಟ್ಟ ವಿಮಾನ ತಯಾರಿಸುತ್ತಿದ್ದ. ಊರಿನವರ ಕೈಯಲ್ಲೇ ಕೆಲಸ ಆಗಲಿ ಎಂಬ ಅಭಿಮಾನದಿಂದ ದೇವದಾಸರಿಗೆ ಫೋನು ಮಾಡಿದ.

"ಸರ್, ನಮ್ಮ ರನ್‌ವೇ ಪಕ್ಕದಲ್ಲೇ ಒಂದು ಕೆರೆ ಉಂಟು. ಹಕ್ಕಿ ಅಂದ್ರೆ ರಾಶಿ ಹಕ್ಕಿ. ನನಗೆ ಬಾಲದ ರೆಕ್ಕೆಯದ್ದೇ ಹೆದರಿಕೆ. ಅದೊಂದು ನೀವು ಬಡಿಸಿ ನೋಡಿ ಹೇಳ್ಬೇಕು. ಪಾಸಾದ್ರೆ ಬರುವ ತಿಂಗಳು ಹಾರಿಸುದೇ. ಪೈಲಟ್ ಪಕ್ಕದಲ್ಲಿ ನಮ್ಮ ಪಡುಬಿದ್ರಿಯ ತನ್ವಿ ಕೂತುಕೊಳ್ತಾಳೆ. ನಮ್ಮಲ್ಲಿ ಕಲೀಲಿಕ್ಕೆ ಬಂದ ಮೊದಲ ಹುಡುಗಿ ಸರ್ ಅವಳು. ಅಪ್ಪ ಬೋಟಿಗೆ ಹೋಗುವವರು."

"ಎಂತ ಹೆದರಿಕೆ ಬೇಡ ಬ್ರ್ಯಾಂಡನ್," ಎಂದರು ದೇವದಾಸರು. "ನಾವು ಇರುವುದು ಎಂತಕ್ಕೆ?"

ನಾವು ಎಂದರೆ ಜೋಸ್ಲಿನ್. ದೇವದಾಸರು ಹಕ್ಕಿ ಬಡಿಸಿದರು ಎಂದರೆ ಅವರ ಕೈಕೆಳಗೆ ಸಂಶೋಧನೆ ಮಾಡುವ ಜೋಸ್ಲಿನ್ ಬಡಿಸಿದಳು ಎಂದು ಅರ್ಥಮಾಡಿಕೊಳ್ಳಬೇಕು. ಕುಕ್ಕುಂದೂರಿನ ಹುಡುಗಿ, ಮಾತು ಕಡಿಮೆ. ಅವಳ ಪಿಎಚ್‌.ಡಿ. ಪ್ರಬಂಧ ಬರೆದು ಮುಗಿದಿತ್ತು. ದೇವದಾಸರು ಓದಿ ಸಹಿ ಹಾಕಬೇಕಿತ್ತು, ಅಷ್ಟೇ ಬಾಕಿ. ಆ ಅಷ್ಟೇ ಎಂಬುದು ಮಳೆಗಾಲ ಕಳೆದು ಮತ್ತೊಂದು ಮಳೆಗಾಲಕ್ಕೆ ಬಂದು ನಿಂತಿತ್ತು.

ವಿಮಾನದ ಬಾಲಕ್ಕೆ ಎರಡು ಕಡೆ ಚಾಚಿಕೊಂಡ ಸಣ್ಣ ರೆಕ್ಕೆ ಇರುತ್ತದೆ. ಹೊರಗೆ ತೆಳು ತಗಡು, ಒಳಗೆ ಉದ್ದಕ್ಕೆ ಒಂದು ತೊಲೆ. ತಗಡು ಹರಿದರೂ ಅಡ್ಡಿಯಿಲ್ಲ, ತೊಲೆ ಉಳಿದರೆ ವಿಮಾನ ಇಳಿಯುತ್ತದೆ. ತೊಲೆ ಮುರಿದರೆ ಇಳಿಯುವುದಿಲ್ಲ, ಬೀಳುತ್ತದೆ. ಜೋಸ್ಲಿನ್ ಎಷ್ಟು ಸಲ ಹಕ್ಕಿ ಬಡಿಸಿದರೂ ತಗಡನ್ನು ಸೀಳಿಕೊಂಡು ಹೋದ ಮುದ್ದೆ ತೊಲೆಯನ್ನು ಬಿರುಕು ಬಿಡಿಸುತ್ತಿತ್ತು. ತೊಲೆಯನ್ನು ಇನ್ನೂ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕಿದರೆ ಫಲಿತಾಂಶ ನಿಖರವಾಗುತ್ತದೆ, ಅದನ್ನು ಮಾಡಿ ನೋಡಬೇಕು ಎಂದು ಹೇಳಿ, ಅಕ್ಕನ ರೋಸಿಗೆಂದು ರಜೆ ಹಾಕಿದಳು. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚಿ ಮೀಯಿಸುವ ಆ ಶಾಸ್ತ್ರಕ್ಕೆ ತಂಗಿಯೇ ಇಲ್ಲದಿದ್ದರೆ ಹೇಗೆ?

ದೇವದಾಸರಿಗೆ ಕಾಯುವ ವ್ಯವಧಾನ ಇರಲಿಲ್ಲ. ಯಾಕೆಂದರೆ ಅದೇ ವಾರ ಮುದ್ದಣ್ಣ ಫೋನು ಮಾಡಿದ್ದ. ಮುದ್ದಣ್ಣ ಅವರ ಶಾಲೆಯ ಜೊತೆಗಾರ, ಮಿತ್ರವೃಂದದ ಅಧ್ಯಕ್ಷ. ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ಕೊಡುವುದು ಅವನ ವ್ಯಾಪಾರ. ಹಾಗಾಗಿ ಊರಿನ ಪ್ರತಿಭೆಗಳ ಬಗ್ಗೆ ಅವನಿಗೆ ಅಪಾರ ಕಾಳಜಿ.

"ದೇವು, ಈ ಸಲ ನಿನಗೇ ಮಾಡುವ ಅಂತ ಉಂಟು ಮಾರಾಯ. ಮುಂಬೈಯ ಹೋಟೆಲಿನವರು ಮುಖ್ಯ ಅತಿಥಿ. ಅವರಿಗೆ ಆ ಒಂದು ಭಾನುವಾರ ಮಾತ್ರ ಪುರುಸೊತ್ತು. ಆದ್ರೆ ಫ್ಲೆಕ್ಸಿನಲ್ಲಿ ಹಾಕ್ಲಿಕ್ಕೆ ಎಂತಾದ್ರೂ ಬೇಕಲ್ವಾ? ನೀನು ಎಂತ ಸಾಧನೆ ಮಾಡಿದ್ದಿ?"

ಆ ಪ್ರಶ್ನೆ ದೇವದಾಸರ ಎದೆಗೆ ನಾಟಿತು. ಮರುದಿನವೇ ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿ, ವರ್ಷಗಳ ಮೇಲೆ ಸ್ವಂತ ಕೈಯಲ್ಲಿ ಮೌಸು ಹಿಡಿದರು. ಹಳೆಯ ತೊಲೆಯನ್ನು ತೆಗೆದರು, ಸಣ್ಣ ಚೌಕಗಳ ಹೊಸ ತೊಲೆಯನ್ನು ಕೂರಿಸಿದರು, ಹಕ್ಕಿಯನ್ನು ಬಿಟ್ಟರು. ಮುದ್ದೆ ಬಂತು, ತಗಡು ಬಾಗಿತು, ಹರಿಯಿತು. ತೊಲೆ ಮಾತ್ರ ಅಂಗಡಿಯಿಂದ ಈಗ ತಂದದ್ದರ ಹಾಗೆ ಹೊಳೆಯುತ್ತ ನಿಂತಿತ್ತು. ಒಂದು ಗೀರೂ ಇಲ್ಲ. ದೇವದಾಸರ ಕಣ್ಣು ತುಂಬಿ ಬಂತು. ಇಷ್ಟು ದಿನ ಜೋಸ್ಲಿನ್ ಕೈಯಲ್ಲಿ ಆಗದ್ದು ತಮ್ಮ ಕೈಯಲ್ಲಿ ಒಂದೇ ಸಲಕ್ಕೆ ಆಯಿತಲ್ಲ, ಅನುಭವ ಅಂದರೆ ಅನುಭವ ಎಂದುಕೊಂಡು ಸಂಜೆಯೊಳಗೆ ವರದಿ ಬರೆದು ಬ್ರ್ಯಾಂಡನ್‌ಗೆ ಕಳಿಸಿದರು. ಆಮೇಲೆ ಮುದ್ದಣ್ಣನಿಗೆ ಫೋನು ಮಾಡಿದರು. ಒಂದು ಗೀರೂ ಬೀಳದ ತೊಲೆಯನ್ನು ಕಂಡು, ಅದೇಕೆ ಬೀಳಲಿಲ್ಲ ಎಂದು ಕೇಳಿಕೊಳ್ಳುವ ಬುದ್ಧಿ ಮೊದಲ ವರ್ಷದ ಹುಡುಗರಿಗೂ ಇರುತ್ತದೆ. ಆದರೆ ಆ ಹುಡುಗರಿಗೆ ಯಾರೂ ಸನ್ಮಾನದ ತಾರೀಖು ಕೊಟ್ಟಿರುವುದಿಲ್ಲ.

ಫ್ಲೆಕ್ಸು ಎದ್ದಿತು. ಕಾಪುವಿನಲ್ಲಿ ಹೆದ್ದಾರಿಯ ಬದಿಗೊಂದು, ಪೇಟೆಯೊಳಗೊಂದು. ದೇವದಾಸರು ಕೈಮುಗಿದು ನಗುತ್ತಿದ್ದಾರೆ. ಹಿಂದೆ ಮುನ್ನೂರು ಜನ ಹಿಡಿಸುವ ಜಂಬೋ ವಿಮಾನ, ಯಾಕೆಂದರೆ ಎರಡು ಸೀಟಿನದ್ದು ಫ್ಲೆಕ್ಸಿಗೆ ಸಾಲದು. ಅದರ ಮೂತಿಗೆ ಗುರಿಯಿಟ್ಟು ಬರುವ ಒಂದು ಹದ್ದು, ಹದ್ದಿನ ಮೇಲೆ ಕೆಂಪು ಅಡ್ಡಗೀಟು. ಕೆಳಗೆ, ಜಗತ್ತಿನ ವಿಮಾನಗಳನ್ನು ಹಕ್ಕಿಗಳಿಂದ ರಕ್ಷಿಸಿದ ನಮ್ಮೂರ ಹೆಮ್ಮೆಯ ವಿಜ್ಞಾನಿ ಎಂಬ ಬರಹ. ಮೋಹಿನಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ದೇವದಾಸರು ಎರಡನ್ನೂ ತೋರಿಸಿದರು, ಒಂದನ್ನು ಎರಡು ಸಲ.

"ಹದ್ದು ಪಾಪ ಎಂತ ಮಾಡಿತ್ತು?" ಎಂದಳು ಮೋಹಿನಿ.

ಸನ್ಮಾನಕ್ಕೆ ಇನ್ನು ಕೆಲವೇ ದಿನ ಇರುವಾಗ ಜೋಸ್ಲಿನ್ ರಜೆ ಮುಗಿಸಿ ಬಂದಳು. ಮದುವೆಯ ಸಿಹಿಯ ಡಬ್ಬವನ್ನು ಮೇಜಿನ ಮೇಲಿಟ್ಟು, ಸರ್ ಮಾಡಿದ ಲೆಕ್ಕವನ್ನು ತೆರೆದು ಕೂತಳು. ಹಕ್ಕಿ ಬಡಿಯುವ ಚಿತ್ರವನ್ನು ನಿಧಾನ ಮಾಡಿ, ಹೊರಗಿನ ತಗಡನ್ನು ಮರೆಮಾಡಿ, ಬದಿಯಿಂದ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಎದ್ದು ಬಂದಳು.

"ಸರ್, ಒಳಗಿನ ತೊಲೆಗೆ ಹಕ್ಕಿ ತಾಗಿದ್ದೇ ಇಲ್ಲ."

"ತಾಗಿದೆ. ತಾಗಿದ ಮೇಲೆಯೂ ಎಂತ ಆಗ್ಲಿಲ್ಲ. ಅದೇ ವಿಶೇಷ."

"ಇಲ್ಲ ಸರ್, ನೀವು ಬಂದು ನೋಡಿ."

ದೇವದಾಸರು ಎದ್ದು ಬಂದು ನೋಡಿದರು. ಕಂಪ್ಯೂಟರಿಗೆ ಲೋಕಜ್ಞಾನ ಇಲ್ಲ. ಹಕ್ಕಿಯನ್ನೂ ತೊಲೆಯನ್ನೂ ಕೊಟ್ಟರೆ ಸಾಲದು, ಇದು ಅದಕ್ಕೆ ತಾಗುತ್ತದೆ ಎಂದು ಬೇರೆಯಾಗಿ ಹೇಳಿಕೊಡಬೇಕು. ಹಳೆಯ ತೊಲೆಗೆ ಜೋಸ್ಲಿನ್ ಹೇಳಿಕೊಟ್ಟಿದ್ದಳು. ಹೊಸ ತೊಲೆ ಕೂರಿಸಿದ ದೇವದಾಸರು ಮರೆತಿದ್ದರು. ಹಾಗಾಗಿ ಒಂದು ಕಿಲೋಗಿಂತ ಹೆಚ್ಚು ತೂಕದ ಮುದ್ದೆ, ಬಿಸಿಲು ಕಿಟಕಿಯ ಗಾಜನ್ನು ದಾಟಿದ ಹಾಗೆ, ತೊಲೆಯ ಮೂಲಕ ತಣ್ಣಗೆ ಹಾದು ಆಚೆಗೆ ಹೋಗಿತ್ತು. ಜೋಸ್ಲಿನ್ ತಾಗುವಿಕೆಯನ್ನು ಸೇರಿಸಿ ಮತ್ತೆ ಓಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ತೊಲೆ ಎರಡು ತುಂಡಾಗಿತ್ತು.

"ಕಂಪೆನಿಗೆ ಹೇಳ್ಬೇಕಲ್ವಾ ಸರ್? ಅವರು ಈ ತಿಂಗಳೇ ರೆಕ್ಕೆ ಮಾಡ್ಲಿಕ್ಕೆ ಶುರು ಮಾಡ್ತಾರೆ."

"ಹೇಳುವ, ಹೇಳುವ. ಇದೊಂದು ಭಾನುವಾರ ಮುಗೀಲಿ."

ದೇವದಾಸರು ಕೆಟ್ಟವರೇನಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ನಿಜವಾಗಿ ಕೆಟ್ಟವನಾಗಿದ್ದರೆ ಆ ವಾರ ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಇವರು ಊಟ ಬಿಟ್ಟರು, ಕ್ಲಾಸಿನಲ್ಲಿ ಕಳೆದ ವಾರದ ಪಾಠವನ್ನೇ ಮತ್ತೆ ಮಾಡಿದರು, ಬಚ್ಚಲಿನಲ್ಲಿ ನಿಂತು ತಮ್ಮ ಜೊತೆ ತಾವೇ ವಾದ ಮಾಡಿದರು. ಎಷ್ಟು ವಿಮಾನಕ್ಕೆ ಹಕ್ಕಿ ಬಡಿಯುತ್ತದೆ? ಬಡಿದರೂ ಬಾಲಕ್ಕೇ ಯಾಕೆ ಬಡಿಯಬೇಕು? ಬಾಲಕ್ಕೇ ಬಡಿದರೂ ಅಷ್ಟು ತೂಕದ ಹಕ್ಕಿಯೇ ಬರಬೇಕೇ? ಹಕ್ಕಿ ಬಡಿಯುತ್ತದೆ, ಬಡಿದೇ ಬಡಿಯುತ್ತದೆ ಎಂದು ಊರೂರಿನ ಸಮ್ಮೇಳನಗಳಲ್ಲಿ ಹೆದರಿಸಿ ಇಷ್ಟು ವರ್ಷ ಸಂಬಳ ತೆಗೆದುಕೊಂಡವರಿಗೆ, ಈಗ ಹಕ್ಕಿಗಳ ಒಳ್ಳೆಯ ಗುಣದಲ್ಲಿ ಗಾಢವಾದ ನಂಬಿಕೆ ಹುಟ್ಟಿತು. ತನ್ವಿ ಎಂಬ ಹೆಸರೂ ಆಗಾಗ ನೆನಪಾಗುತ್ತಿತ್ತು. ನೆನಪಾದ ಕೂಡಲೇ ಅವರು ಟಿ.ವಿ. ಹಾಕುತ್ತಿದ್ದರು.

ಭಾನುವಾರ ಬಂತು. ಶಾಮಿಯಾನದಡಿ ಸೆಕೆಯೋ ಸೆಕೆ. ಮುಂಬೈಯ ಹೋಟೆಲಿನವರು ದೇವದಾಸರ ಬಗ್ಗೆ ಮಾತಾಡಲು ಎದ್ದು ತಮ್ಮ ಮೂರನೆಯ ಹೋಟೆಲಿನ ಬಗ್ಗೆ ಮಾತಾಡಿದರು. ಶಾಲು ಬಿತ್ತು, ಹಾರ ಬಿತ್ತು, ಹಣ್ಣಿನ ಬುಟ್ಟಿ ಮಡಿಲಿಗೆ ಬಂತು. ಮೋಹಿನಿಯನ್ನೂ ವೇದಿಕೆಗೆ ಕರೆದು ಪಕ್ಕದಲ್ಲಿ ಕೂರಿಸಿದರು. ಇಷ್ಟು ವರ್ಷ ಕಾದ ಸುಖ ಬಾಯಿಗೆ ಬಂದಾಗ ದೇವದಾಸರಿಗೆ ಅದು ಕಹಿಯಾಗಿತ್ತು. ಉತ್ತರ ಕೊಡಲು ಎದ್ದವರು ಏನಾದರಾಗಲಿ ಎಂದು ಮೈಕು ಹಿಡಿದು ಹೇಳಿಯೇಬಿಟ್ಟರು.

"ನಿಮ್ಮ ಪ್ರೀತಿ ದೊಡ್ಡದು. ಆದರೆ ಒಂದು ಮಾತು ಹೇಳಬೇಕು. ಈ ಸಂಶೋಧನೆಯಲ್ಲಿ ಒಂದು ತಪ್ಪಾಗಿದೆ. ನಾನು ಈ ಸನ್ಮಾನಕ್ಕೆ ಅರ್ಹನಲ್ಲ."

ಸಭೆಯಲ್ಲಿ ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ ಎಂದರೆ, ಹೋಟೆಲಿನವರಿಗೂ ಅಷ್ಟು ಬಿದ್ದಿರಲಿಲ್ಲ. ಮುದ್ದಣ್ಣ ಮೈಕನ್ನು ಕಸಿದುಕೊಂಡ. "ನೋಡಿದ್ರಾ? ಇಷ್ಟು ದೊಡ್ಡ ವಿಜ್ಞಾನಿ, ಎಂಥ ವಿನಯ! ಅರ್ಹನಲ್ಲ ಅಂತಾರೆ! ಇನ್ನೊಮ್ಮೆ ಜೋರಾದ ಚಪ್ಪಾಳೆ ಬರ್ಲಿ!" ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ದೇವದಾಸರಿಗೆ ಮೊದಲು ಗಾಬರಿಯಾಯಿತು, ಆಮೇಲೆ ಹಗುರವಾಯಿತು, ಕೊನೆಗೆ ಕೆಟ್ಟದೇನೂ ಅನಿಸಲಿಲ್ಲ. ಸತ್ಯ ಹೇಳಿ ಆಗಿತ್ತು, ಸನ್ಮಾನವೂ ಉಳಿದಿತ್ತು. ಮನೆಗೆ ಬರುವ ದಾರಿಯಲ್ಲಿ ಹಣ್ಣಿನ ಬುಟ್ಟಿಯಿಂದ ಒಂದು ಸೇಬು ತೆಗೆದು ತಿಂದರು.

ಸೋಮವಾರ ಬೆಳಿಗ್ಗೆ ಜೋಸ್ಲಿನ್ ಕೇಳಿದಳು. "ಕಂಪೆನಿಗೆ ಹೇಳಿದ್ರಾ ಸರ್?"

"ನಿನ್ನೆ ವೇದಿಕೆಯಲ್ಲೇ ಹೇಳಿದೆನಲ್ಲ, ಅಷ್ಟು ಜನರ ಎದುರು."

"ಆ ಜನ ವಿಮಾನ ಮಾಡುದಿಲ್ಲ ಸರ್."

ದೇವದಾಸರು ಕನ್ನಡಕ ತೆಗೆದು ಒರೆಸಿದರು. ಸಿಟ್ಟು ಬಂದಾಗ ಅವರು ಧ್ವನಿ ಏರಿಸುವುದಿಲ್ಲ, ಇಳಿಸುತ್ತಾರೆ.

"ನಿನ್ನ ಪ್ರಬಂಧ ನನ್ನ ಹತ್ತಿರವೇ ಉಂಟಲ್ವಾ ಜೋಸ್ಲಿನ್? ಓದ್ಬೇಕು. ಇಂಥದ್ದಕ್ಕೆಲ್ಲ ತಲೆ ಕೊಟ್ರೆ ಅದಕ್ಕೆ ಪುರುಸೊತ್ತು ಆಗುದಿಲ್ಲ ನೋಡು."

ಜೋಸ್ಲಿನ್‌ಗೆ ಅರ್ಥವಾಯಿತು. ಬಾಗಿಲ ತನಕ ಹೋದವಳು ತಿರುಗಿ ನಿಂತು ಹೇಳಿದಳು, "ಶುಕ್ರವಾರದ ತನಕ ನೋಡ್ತೇನೆ ಸರ್. ಆಮೇಲೆ ನಾನೇ ಹೇಳ್ತೇನೆ. ಪ್ರಬಂಧ ಏನಾಗ್ತದೋ ಆಗ್ಲಿ." ಹೋಗುವಾಗ ಬಾಗಿಲನ್ನು ಎಂದಿನ ಹಾಗೆ ಸದ್ದಾಗದಂತೆ ಎಳೆದುಕೊಂಡಳು. ಅದನ್ನು ನೋಡಿದ ದೇವದಾಸರಿಗೆ ಧೈರ್ಯ ಬಂತು. ಬಾಗಿಲು ಬಡಿಯದವಳು ಶುಕ್ರವಾರದೊಳಗೆ ಮೆತ್ತಗಾಗುತ್ತಾಳೆ ಎಂದುಕೊಂಡರು.

ಬುಧವಾರ ಬೆಳಿಗ್ಗೆಯೇ ಬ್ರ್ಯಾಂಡನ್ ಫೋನು ಮಾಡಿದ. ಯಾರೋ ಅವನಿಗೆ ಫ್ಲೆಕ್ಸಿನ ಫೋಟೋ ಕಳಿಸಿದ್ದರಂತೆ, ನೋಡಿ ಖುಷಿಯಾಗಿ ಉಬ್ಬಿಹೋಗಿದ್ದ.

"ಸರ್, ನಾವೆಲ್ಲ ಕೂತು ಒಂದು ತೀರ್ಮಾನ ಮಾಡಿದ್ದೇವೆ. ಮೊದಲ ಹಾರಾಟದಲ್ಲಿ ಪೈಲಟ್ ಪಕ್ಕ ನೀವೇ ಕೂತುಕೊಳ್ಬೇಕು. ನಿಮ್ಮಿಂದಲೇ ಅಲ್ವಾ ಇದು ಹಾರುದು! ತನ್ವಿಗೆ ಹೇಳಿಯಾಯ್ತು, ಸೀಟು ಸರ್‌ಗೆ ಬಿಟ್ಟುಕೊಡ್ತೇನೆ ಅಂತ ಅವಳೂ ಸಂತೋಷದಲ್ಲೇ ಒಪ್ಪಿದ್ದಾಳೆ. ಪೇಪರಿನವರೂ ಬರ್ತಾರೆ ಸರ್. ಇಲ್ಲ ಅನ್ಬೇಡಿ."

ದೇವದಾಸರ ಬಾಯಿಂದ ಇಲ್ಲ ಎಂಬುದು ಬರಲಿಲ್ಲ, ಹೌದು ಎಂಬುದೂ ಬರಲಿಲ್ಲ. ಗಂಟಲಿನಿಂದ ಬಂದ ಸದ್ದನ್ನು ಬ್ರ್ಯಾಂಡನ್ ಆನಂದ ಎಂದು ತಿಳಿದುಕೊಂಡ. ಪಕ್ಕದಲ್ಲಿ ತರಕಾರಿ ಹೆಚ್ಚುತ್ತ ಕೇಳಿಸಿಕೊಂಡ ಮೋಹಿನಿ ಸಂಜೆಯೊಳಗೆ ಇಡೀ ಅಪಾರ್ಟ್‌ಮೆಂಟಿಗೆ ಹೇಳಿದಳು. ಆಮೇಲೆ ಅಕ್ಕನಿಗೆ, ಬ್ಯಾಂಕಿನವರಿಗೆ, ಕೊನೆಗೆ ಮುದ್ದಣ್ಣನಿಗೆ. ಅವನು ಇನ್ನೊಂದು ಫ್ಲೆಕ್ಸಿಗೆ ಪೈಲಟ್ ಟೊಪ್ಪಿ ಹಾಕಿದ ಫೋಟೋ ಕೇಳಿದ.

ಮರುದಿನ ಸಂಜೆ ಮೀನು ತರಲು ಗಂಡ ಹೆಂಡತಿ ಇಬ್ಬರೂ ಮಲ್ಪೆಗೆ ಹೋದರು. ಬೋಟುಗಳು ನಿಲ್ಲುವ ದಕ್ಕೆಯ ಮೇಲೆ ಎಂದಿನ ಹಾಗೆ ಹದ್ದುಗಳು ಸುತ್ತುತ್ತಿದ್ದವು. ದೇವದಾಸರು ಹುಟ್ಟಿದಾಗಿನಿಂದ ಅವು ಅಲ್ಲಿಯೇ ಇದ್ದವು, ಅವರು ತಲೆಯೆತ್ತಿ ನೋಡಿದ್ದು ಮಾತ್ರ ಆ ದಿನ. ಒಂದು ಹದ್ದು ರೆಕ್ಕೆ ಮಡಚಿ ಬುಟ್ಟಿಯ ಕಡೆಗೆ ಬಿದ್ದ ವೇಗಕ್ಕೆ ಅವರ ಜೀವ ಹಾರಿತು. ಅದಕ್ಕೆ ಉಗುರಿತ್ತು. ಕೊಕ್ಕಿತ್ತು. ಹತ್ತಿರದಿಂದ ನೋಡಿದರೆ ಒಂದು ಕಿಲೋಗಿಂತ ಜಾಸ್ತಿಯೇ ಇರಬೇಕು. ಕಲ್ಸಂಕದ ಹತ್ತಿರ ತಂತಿಯ ಮೇಲೆ ಸಾಲು ಕಾಗೆ. ಪರ್ಕಳದ ಇಳಿಜಾರಿನ ಗದ್ದೆಯಲ್ಲಿ ಬೆಳ್ಳಕ್ಕಿಗಳ ದಂಡು. ಲೋಕದಲ್ಲಿ ಇಷ್ಟೊಂದು ಹಕ್ಕಿಗಳಿವೆ, ಇವಕ್ಕೆ ಹಾರುವುದಲ್ಲದೆ ಬೇರೆ ಕೆಲಸವೇ ಇಲ್ಲ ಎಂಬುದು ಅದೇ ವಿಷಯದಲ್ಲಿ ಡಾಕ್ಟರೇಟ್ ಪಡೆದವರಿಗೆ ಆ ಸಂಜೆ ತಿಳಿಯಿತು. ಕೆರೆಯ ಪಕ್ಕದ ರನ್‌ವೇ ಕಣ್ಣಮುಂದೆ ಬಂದು ನಿಂತಿತು. ಆ ಎರಡನೆಯ ಸೀಟಿನಲ್ಲಿ ಇಷ್ಟು ದಿನ ಕೂತಿದ್ದುದು ಒಂದು ಹೆಸರು. ಈಗ ಅಲ್ಲಿ ಬೆಲ್ಟು ಕಟ್ಟಿಕೊಂಡು ಅವರೇ ಕೂತಿದ್ದರು.

ಮನೆಗೆ ಬಂದವರು ಕೈಯ ಚೀಲವನ್ನೂ ಕೆಳಗಿಡದೆ ಕಂಪ್ಯೂಟರಿನ ಮುಂದೆ ಕೂತರು. ನಿರಂತರ ಮರುಪರಿಶೀಲನೆಯ ಫಲವಾಗಿ, ಅಂತಃಸಾಕ್ಷಿ ಒಪ್ಪದ ಕಾರಣ, ಹಿಂದಿನ ವರದಿಯನ್ನು ಹಿಂದಕ್ಕೆ ಪಡೆಯುತ್ತಿರುವುದಾಗಿ ಬ್ರ್ಯಾಂಡನ್‌ಗೆ ಬರೆದರು. ಪ್ರಯೋಗಾಲಯದಲ್ಲಿ ಸಂಭವಿಸಿದ ಒಂದು ಲೋಪ ಎಂದು ಬರೆದರು. ಲೋಪ ಯಾರದ್ದು ಎಂದು ಬರೆಯಲಿಲ್ಲ. ಮಳೆಗಾಲದಲ್ಲಿ ಚಪ್ಪಲಿಗೆ ಬೂಷ್ಟು ಹಿಡಿದ ಹಾಗೆ ಅದು ತಾನಾಗಿಯೇ ಬಂದದ್ದು ಎಂದು ಓದುವವರಿಗೆ ಅನಿಸಬೇಕು. ತೊಲೆಯನ್ನು ದಪ್ಪ ಮಾಡುವ ತನಕ ಯಾರೂ, ದಯವಿಟ್ಟು ಯಾರೂ, ಹಾರಬಾರದು ಎಂದು ಮುಗಿಸಿದರು. ಆ ಎರಡನೆಯ ಯಾರೂ ಹೃದಯದಿಂದ ಬಂದದ್ದು.

ಬ್ರ್ಯಾಂಡನ್ ಓದಿ ಬೆರಗಾದ. ಸನ್ಮಾನ ಆದ ಮೇಲೆ ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವ ಮನುಷ್ಯ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ? ಹಾರಾಟ ಮುಂದಕ್ಕೆ ಹೋಯಿತು. ಜೋಸ್ಲಿನ್ ಹೊಸ ತೊಲೆಗೆ ಲೆಕ್ಕ ಹಾಕಿದಳು, ಎಷ್ಟು ಬಡಿಸಿದರೂ ಅದು ನಿಂತಿತು. ಅವಳ ಪ್ರಬಂಧವನ್ನೂ ದೇವದಾಸರು ಓದದೆಯೇ ಸಹಿ ಹಾಕಿ ಕೊಟ್ಟರು. ಅವಳು ಥ್ಯಾಂಕ್ಸ್ ಎಂದು ತೆಗೆದುಕೊಂಡು ಹೋದಳು. ಮುದ್ದಣ್ಣ ಮಾತ್ರ ಬಿಡಲಿಲ್ಲ. ಪ್ರಾಮಾಣಿಕ ವಿಜ್ಞಾನಿ ಎಂದು ಇನ್ನೊಂದು ಸನ್ಮಾನ ಆಗಲೇಬೇಕು ಎಂದ. ದೇವದಾಸರು ಬೇಡ ಬೇಡ ಎಂದರು, ಎಷ್ಟು ಸಲ ಹೇಳಿದರೆ ಮರ್ಯಾದೆಯೋ ಅಷ್ಟು ಸಲ.

ಅದಾದ ಮುಂದಿನ ಭಾನುವಾರ ಬೆಳಿಗ್ಗೆ ಪರ್ಕಳದ ಫ್ಲಾಟಿನ ಬೆಲ್ಲಾಯಿತು. ಬಾಗಿಲಲ್ಲಿ ಒಬ್ಬಳು ಹುಡುಗಿ. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಎರಡು ಕೈಯಲ್ಲಿ ಹಿಡಿದರೂ ಭಾರವಾಗುವ ಒಂದು ಚೀಲ. "ನಾನು ತನ್ವಿ ಸರ್, ಪಡುಬಿದ್ರಿಯಿಂದ," ಎಂದಳು. ಒಳಗೆ ಬಂದು ಚೀಲವನ್ನು ಮೋಹಿನಿಯ ಕೈಗೆ ಕೊಟ್ಟಳು.

"ಅಯ್ಯೋ, ಅಂಜಲ್! ಇಡೀ ಮೀನು!" ಮೋಹಿನಿಯ ಮುಖ ಅರಳಿತು. "ಇಷ್ಟು ದೊಡ್ಡದು ಎಂತಕ್ಕೆ ತಂದದ್ದು ಮಗಾ? ಊಟ ಮಾಡಿಯೇ ಹೋಗ್ಬೇಕು, ಆಯ್ತಾ?" ಎನ್ನುತ್ತ ಅಡುಗೆಮನೆಗೆ ಹೋದವಳು ಕತ್ತಿ ಹುಡುಕುವ ಸದ್ದು ಕೇಳಿಸಿತು.

ತನ್ವಿ ಬಗ್ಗಿ ದೇವದಾಸರ ಕಾಲು ಮುಟ್ಟಿದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಬ್ರ್ಯಾಂಡನ್ ಸರ್ ಎಲ್ಲ ಹೇಳಿದ್ರು. ಆಮೇಲೆ ದಿನಾ ಅದ್ರಲ್ಲಿ ಹಾರುವವಳು ನಾನೇ ಅಲ್ವಾ, ನಿಮ್ಮಿಂದಾಗಿ ನನ್ನ ಜೀವ ಉಳಿಯಿತು ಸರ್. ಅಮ್ಮ ನಿಮ್ಮ ಹೆಸರಲ್ಲಿ ದೇವಸ್ಥಾನಕ್ಕೆ ಹೂ ಕೊಟ್ಟಿದ್ದಾರೆ." ಅವಳು ಸೋಫಾದ ತುದಿಯಲ್ಲಿ ಕೂತು, ಕಲಿಯುವವರ ಉತ್ಸಾಹದಿಂದ ಕೇಳಿದಳು. "ಸರ್, ಅದು ತಪ್ಪು ಅಂತ ನಿಮಗೆ ಯಾವಾಗ ಗೊತ್ತಾದದ್ದು?"

ಸುಲಭದ ಪ್ರಶ್ನೆ. ಉತ್ತರವೂ ಸಿದ್ಧವಾಗಿತ್ತು. ಮುಂದಿನ ಸನ್ಮಾನದಲ್ಲಿ ಹೇಳಲೆಂದು ದೇವದಾಸರು ಅದನ್ನು ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡು ನುಣುಪು ಮಾಡಿಟ್ಟಿದ್ದರು. ಗೊತ್ತಾದ ಕೂಡಲೇ ಹೇಳಿದೆ ಎಂದರೆ ಮುಗಿಯಿತು. ಕೇಳುವವರು ಯಾರು, ಹಿಡಿಯುವವರು ಯಾರು? ಆದರೆ ಎದುರಿಗೆ ಕೂತವಳು ಹೆಸರಲ್ಲ, ಹುಡುಗಿ. ಬಲಗೈಯ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದಳು, ಕಾಲಿಗೆ ಬಸ್ಸಿನ ಧೂಳು ಮೆತ್ತಿತ್ತು. ದೇವದಾಸರಿಗೆ ನಾಚಿಕೆಯಾಯಿತು. ಜೀವನದಲ್ಲಿ ಮೊದಲ ಸಲ, ವೇದಿಕೆಯೂ ಸಭೆಯೂ ಇಲ್ಲದಿದ್ದಾಗ, ನಿಜವಾಗಿ ನಾಚಿಕೆಯಾಯಿತು.

"ನೀನು ಕೂತುಕೊಳ್ಳುದು ಅಂತ ಇದ್ದಾಗಲೇ ಗೊತ್ತಿತ್ತು," ಎಂದರು. "ನಾನು ಕೂತುಕೊಳ್ಳುದು ಅಂತ ಆದ ಮೇಲೆ ಹೇಳಿದೆ."

ತನ್ವಿ ಮೊದಲು ನಕ್ಕಳು, ದೊಡ್ಡವರು ವಿನಯಕ್ಕೆ ಹೀಗೆಲ್ಲ ಹೇಳುತ್ತಾರೆ ಎಂದು. ಆಮೇಲೆ ಅವರ ಮುಖ ನೋಡಿದಳು. ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ಎದ್ದು ನಿಂತಳು. ಅಡುಗೆಮನೆಯ ಕಡೆಗೆ ಒಮ್ಮೆ ತಿರುಗಿದಳು, ಏನೋ ಕೇಳಬೇಕು ಎಂಬ ಹಾಗೆ. ಒಳಗೆ ಮೋಹಿನಿ ಮೀನು ಕೊಯ್ದು ಆಗಿತ್ತು.

"ಅಪ್ಪ ಬೆಳಿಗ್ಗೆ ಬೇಗ ಹೋಗಿ ನಿಮಗೆ ಅಂತಲೇ ಆರಿಸಿ ತಂದದ್ದು ಸರ್ ಅದು," ಎಂದಳು. "ನಾನು ಈಗ ಅಪ್ಪನಿಗೆ ಎಂತ ಹೇಳ್ಲಿ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದಳು.

ಮಧ್ಯಾಹ್ನ ಮೋಹಿನಿ ಮಸಾಲೆ ಹಾಕಿ ಕಾವಲಿಯಲ್ಲಿ ಹುರಿದ ಮೀನು ತಂದಿಟ್ಟಳು. "ಆ ಹುಡುಗಿ ಊಟ ಮಾಡದೆ ಯಾಕೆ ಹೋದದ್ದು ಮಾರಾಯ್ರೆ? ಪಾಪ, ಎಷ್ಟು ದೂರದಿಂದ ಬಂದದ್ದು."

"ಎಂತದೋ ಅರ್ಜೆಂಟ್ ಇತ್ತಂತೆ," ಎಂದರು ದೇವದಾಸರು.

ಮೀನು ತಾಜಾ ಇತ್ತು, ಮಸಾಲೆ ಹದವಾಗಿತ್ತು. ಮೋಹಿನಿ ನಡುವಿನ ದೊಡ್ಡ ತುಂಡೊಂದನ್ನು ತಟ್ಟೆಗೆ ಹಾಕಿದಾಗ ಅವರು ಬೇಡ ಎನ್ನಲಿಲ್ಲ.